ಮುಳ್ಳು ಇಳಿದರೆ ಸಾಲದು: ಎಸಿ ಪೈಪಿನಿಂದ ಗಾಳಿ, ತೇವ ತೆಗೆಯುವ ಬಗೆ

ಹೊಸ ಸ್ಪ್ಲಿಟ್ ಎಸಿ ಕೂರಿಸಲು ಬಂದವರು ತಾಮ್ರದ ಪೈಪುಗಳನ್ನು ಜೋಡಿಸಿ, ಔಟ್‌ಡೋರ್ ಯೂನಿಟ್ಟಿನ ವಾಲ್ವನ್ನು ಅಲೆನ್ ಕೀಯಿಂದ ತುಸು ತಿರುಗಿಸಿ, ಇನ್ನೊಂದು ತುದಿಯ ನಟ್ಟನ್ನು ಸಡಿಲಿಸಿ, ಗ್ಯಾಸು ಬುಸ್ಸೆಂದು ಹೊರಬಂದ ಕೂಡಲೇ ಅದನ್ನು ಬಿಗಿದು ಕೆಲಸ ಮುಗಿಯಿತೆನ್ನುವುದು ಈಗಲೂ ಕಾಣಸಿಗುವ ದೃಶ್ಯ. ವ್ಯಾಕ್ಯೂಮ್ ಪಂಪ್ ತಂದವರಲ್ಲೂ ಹಲವರು ಅದನ್ನು ಹತ್ತು ನಿಮಿಷ ಓಡಿಸಿ, ಗೇಜಿನ ಮುಳ್ಳು ಸೊನ್ನೆಯಿಂದ ಕೆಳಗಿಳಿದದ್ದನ್ನು ಮನೆಯವರಿಗೆ ತೋರಿಸಿ, ಪಂಪನ್ನು ಚೀಲಕ್ಕೆ ಸೇರಿಸುತ್ತಾರೆ. ಮೊದಲನೆಯದು ತಪ್ಪು, ಎರಡನೆಯದು ಅರ್ಧ ಕೆಲಸ.

ಪೈಪಿನಲ್ಲಿ ಉಳಿದ ಗಾಳಿ ಕಂಡೆನ್ಸರಿನಲ್ಲಿ ದ್ರವವಾಗದೆ ಜಾಗ ಹಿಡಿದು ಕೂರುತ್ತದೆ. ಇದರಿಂದ ಒತ್ತಡ ಏರಿ, ಕಂಪ್ರೆಸರ್ ಹೆಚ್ಚು ದುಡಿದು, ತಂಪು ಕಡಿಮೆಯಾಗಿ, ಕರೆಂಟಿನ ಬಿಲ್ಲು ಹೆಚ್ಚುತ್ತದೆ. ತೇವದ ಕೇಡು ಇದಕ್ಕಿಂತ ನಿಧಾನ, ಆದರೆ ಇದಕ್ಕಿಂತ ಕೆಟ್ಟದ್ದು. ಆರ್-22 ಎಂಬ ಹಳೆಯ ತಂಪು ಗ್ಯಾಸಿನ ಯಂತ್ರಗಳ ಖನಿಜ ತೈಲ ತೇವವನ್ನು ಹೆಚ್ಚು ಹೀರುತ್ತಿರಲಿಲ್ಲವಾದ್ದರಿಂದ ಗ್ಯಾಸು ಊದುವ ಅಭ್ಯಾಸ ಆಗ ಹೇಗೋ ನಡೆದುಹೋಯಿತು. ಅದರ ನಂತರ ಬಂದ ಆರ್-410ಎ ಮತ್ತು ಆರ್-32 ಗ್ಯಾಸಿನ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಪಾಲಿಯೋಲ್ ಎಸ್ಟರ್ ತೈಲವಾದರೋ ತೇವವನ್ನು ಹೀರಿ, ಬಿಸಿಯಲ್ಲಿ ಅದರೊಡನೆ ಸೇರಿ ಆಮ್ಲವಾಗುತ್ತದೆ. ಕಂಪ್ರೆಸರಿನ ವೈಂಡಿಂಗ್ ಸುಟ್ಟಿತೆಂಬ ದೂರು ಬರುವುದು ಎರಡು ಬೇಸಿಗೆ ಕಳೆದ ಮೇಲೆ. ಗ್ಯಾಸು ಊದಿದರೆ ಗಾಳಿ ಒಂದಿಷ್ಟು ಹೋದೀತು. ಪೈಪಿನ ಒಳಮೈಗೆ ಅಂಟಿದ ತೇವ ಹೋಗುವುದಿಲ್ಲ. ಮೇಲಾಗಿ ಆರ್-32 ಹೊತ್ತಿಕೊಳ್ಳಬಲ್ಲ ಅನಿಲ, ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿನ 675 ಪಟ್ಟು. ಕಾರ್ಖಾನೆಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿ ತುಂಬಿದ್ದನ್ನು ಬಾಲ್ಕನಿಯಲ್ಲಿ ಊದಿ ಕಳೆಯುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪಂಪು ಯಾವುದು?

ಒಂದರಿಂದ ಎರಡು ಟನ್ನಿನ ಮನೆ ಎಸಿಗಳಿಗೆ ನಿಮಿಷಕ್ಕೆ ಎರಡರಿಂದ ಮೂರು ಘನ ಅಡಿ, ಅಂದರೆ 2ರಿಂದ 3 ಸಿಎಫ್‌ಎಂ ಪಂಪು ಧಾರಾಳವಾಗಿ ಸಾಕು. ಅಂಗಡಿಯವರು ಆರು ಸಿಎಫ್‌ಎಂ ಪಂಪನ್ನು ಮುಂದಿಟ್ಟರೆ ಮರುಳಾಗಬೇಡಿ. ಅದನ್ನು ಮೂರನೇ ಮಹಡಿಗೆ ಹೊತ್ತೊಯ್ಯುವವರು ನೀವೇ. ನೋಡಬೇಕಾದದ್ದು ಅದು ಎರಡು ಹಂತದ್ದೇ ಎಂಬುದನ್ನು. ಒಂದು ಹಂತದ ಪಂಪು ಗಾಳಿಯನ್ನು ಬೇಗ ಎಳೆದರೂ ಆಳದ ನಿರ್ವಾತ ಕೊಡುವುದರಲ್ಲಿ ಸೋಲುತ್ತದೆ, ತೈಲ ಸ್ವಲ್ಪ ಹಳತಾದರಂತೂ ಇನ್ನೂ ಬೇಗ. ಎರಡನೆಯದಾಗಿ, ಹಿಮ್ಮುಖ ಹರಿವನ್ನು ತಡೆಯುವ ವಾಲ್ವ್ ಇರಲಿ. ಕೆಲಸದ ನಡುವೆ ಕರೆಂಟು ಹೋದರೆ, ಈ ವಾಲ್ವ್ ಇಲ್ಲದ ಪಂಪಿನ ತೈಲವನ್ನು ನಿರ್ವಾತವು ಎಸಿಯ ಪೈಪಿನೊಳಕ್ಕೇ ಎಳೆದುಕೊಳ್ಳಬಹುದು. ಮೂರನೆಯದು ಗ್ಯಾಸ್ ಬ್ಯಾಲಸ್ಟ್ ಎಂಬ ಸಣ್ಣ ತಿರುಪು. ಅದನ್ನು ತೆರೆದಾಗ ಪಂಪಿನೊಳಗೆ ಸ್ವಲ್ಪ ಗಾಳಿ ಸೇರಿ, ಎಳೆದ ನೀರಾವಿ ತೈಲದಲ್ಲಿ ನೀರಾಗಿ ನಿಲ್ಲದೆ ಹೊರಟುಹೋಗುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ಕೆಲಸ ಮಾಡುವವರಿಗೆ ಇದಿಲ್ಲದ ಪಂಪನ್ನು ನಾನು ಸೂಚಿಸಲಾರೆ.

ಹಳೆಯ ಫ್ರಿಜ್ಜಿನ ಕಂಪ್ರೆಸರನ್ನೇ ಪಂಪಾಗಿ ಮಾಡಿಕೊಂಡವರು ಊರೂರಿನಲ್ಲಿದ್ದಾರೆ. ಅದು ಗೇಜಿನ ಮುಳ್ಳನ್ನು ಇಳಿಸುತ್ತದೆ ನಿಜ, ತೇವವನ್ನು ತೆಗೆಯುವಷ್ಟು ಆಳಕ್ಕೆ ಹೋಗುವುದಿಲ್ಲ. ಇನ್ನು ಎಸಿಯ ಸ್ವಂತ ಕಂಪ್ರೆಸರಿನಿಂದಲೇ ಗಾಳಿ ಎಳೆಸುವ ಉಪಾಯವಂತೂ ಅಪಾಯ. ನಿರ್ವಾತದಲ್ಲಿ ಓಡಿದ ಮೋಟಾರಿನ ವೈಂಡಿಂಗಿನಲ್ಲಿ ಕಿಡಿ ಹಾರುತ್ತದೆ. ಗಾಳಿ, ತೈಲ, ಬಿಸಿ ಒಟ್ಟಾದಲ್ಲಿ ಕಂಪ್ರೆಸರ್ ಸಿಡಿಯಲೂಬಹುದು.

ಪಂಪಿನಲ್ಲಿ ಉಳಿಸಿದ ಹಣವನ್ನು ಎರಡು ವಸ್ತುಗಳಿಗೆ ಹಾಕಿ: ದಪ್ಪ ಹೋಸ್ ಮತ್ತು ಆಳದ ನಿರ್ವಾತವನ್ನು ಅಳೆಯುವ ಮೈಕ್ರಾನ್ ಗೇಜ್. ಮ್ಯಾನಿಫೋಲ್ಡಿನೊಂದಿಗೆ, ಅಂದರೆ ಗೇಜುಗಳನ್ನೂ ವಾಲ್ವುಗಳನ್ನೂ ಕೂಡಿಸಿದ ಸಾಧನದೊಂದಿಗೆ, ಬರುವ ಕಾಲಿಂಚಿನ ಬಣ್ಣಬಣ್ಣದ ಹೋಸಿನಲ್ಲಿ ದೊಡ್ಡ ಪಂಪು ಎಳೆಯುವುದೆಂದರೆ ಎಳನೀರಿನ ಸ್ಟ್ರಾದಿಂದ ತೊಟ್ಟಿ ಬರಿದು ಮಾಡಿದಂತೆ. ಒಳವ್ಯಾಸ ತುಸು ಹೆಚ್ಚಿದರೂ ಹರಿವು ಹಲವು ಪಟ್ಟು ಹೆಚ್ಚುತ್ತದೆ. ಕಾಲಿಂಚಿನದಲ್ಲ, ಮೂರು ಎಂಟಾಂಶ ಇಂಚಿನ ಅಥವಾ ಅದಕ್ಕಿಂತ ದಪ್ಪದ, ಆದಷ್ಟು ಗಿಡ್ಡ ಹೋಸನ್ನು ಮ್ಯಾನಿಫೋಲ್ಡಿನ ಹಂಗಿಲ್ಲದೆ ನೇರವಾಗಿ ಜೋಡಿಸಿ. ಹೋಸು ಜೋಡಿಸುವ ಬಾಯಿಯಾದ ಸರ್ವಿಸ್ ಪೋರ್ಟಿನೊಳಗಿನ ಪಿನ್ನು, ಅಂದರೆ ವಾಲ್ವ್ ಕೋರ್, ಇನ್ನೊಂದು ಅಡ್ಡಿ. ಅದನ್ನು ಕೋರ್ ತೆಗೆಯುವ ಸಾಧನದಿಂದ ಹೊರಗೆಳೆದರೆ ಸಮಯ ಬಹಳ ಉಳಿಯುತ್ತದೆ. ಸಾಧನ ಕೊಳ್ಳುವಾಗ, ಅದರ ಬಾಲ್ ವಾಲ್ವ್ ಮುಚ್ಚಿದಾಗಲೂ ಎಸಿಯ ಕಡೆಗೆ ತೆರೆದೇ ಇರುವ ಪಕ್ಕದ ಬಾಯಿಯೊಂದು ಇದೆಯೇ ಎಂದು ನೋಡಿಕೊಳ್ಳಿ. ಮೈಕ್ರಾನ್ ಗೇಜ್ ಕೂರಬೇಕಾದದ್ದು ಅಲ್ಲಿ, ಪಂಪಿನ ಮೇಲಲ್ಲ. ಪಂಪಿನ ಮೇಲೆ ಕೂರಿಸಿದ ಗೇಜ್ ಪಂಪಿನ ಆರೋಗ್ಯವನ್ನು ಮಾತ್ರ ಹೇಳುತ್ತದೆ.

ಎಳೆಯುವ ಮೊದಲು

ಪೈಪಿನ ತುದಿಯನ್ನು ಅಗಲಿಸಿ ನಟ್ಟಿನಿಂದ ಕೂಡಿಸುವ ಫ್ಲೇರ್ ಜೋಡಣೆಗಳನ್ನು ಟಾರ್ಕ್ ವ್ರೆಂಚಿನಿಂದ ಬಿಗಿದು, ಒಣ ನೈಟ್ರೋಜನ್ ತುಂಬಿ, ತಯಾರಕರು ಹೇಳಿದ ಒತ್ತಡದಲ್ಲಿ ಸೋರಿಕೆ ಪರೀಕ್ಷಿಸಿ, ಸೋಪಿನ ನೊರೆ ಹಚ್ಚಿ ನೋಡಿ, ನೈಟ್ರೋಜನ್ನನ್ನು ಹೊರಬಿಡಿ. ಆಮ್ಲಜನಕವನ್ನು ಈ ಕೆಲಸಕ್ಕೆ ಎಂದಿಗೂ ಬಳಸಬಾರದು, ತೈಲ ತಾಗಿದರೆ ಸ್ಫೋಟವಾಗುತ್ತದೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯೊಳಗೆ ಮೊದಲೇ ಹಾಕಿಟ್ಟ ಪೈಪುಗಳಿದ್ದರೆ ಇನ್ನಷ್ಟು ಎಚ್ಚರ ಬೇಕು. ತುದಿ ಮುಚ್ಚದೆ ತಿಂಗಳುಗಟ್ಟಲೆ ಬಿಟ್ಟ ಪೈಪಿನಲ್ಲಿ ಗಾರೆಯ ಪುಡಿ, ಮಳೆನೀರು ಎರಡೂ ಇರುತ್ತವೆ. ಅದನ್ನು ನೈಟ್ರೋಜನ್ನಿನಿಂದ ಊದಿ ಶುಚಿಗೊಳಿಸದೆ ಪಂಪಿನ ಮೇಲೆ ಭಾರ ಹಾಕುವುದು ವ್ಯರ್ಥ.

ಎಳೆಯುವುದು, ಕಾಯುವುದು

ಔಟ್‌ಡೋರ್ ಯೂನಿಟ್ಟಿನ ಎರಡೂ ವಾಲ್ವುಗಳು ಮುಚ್ಚಿಯೇ ಇರಲಿ. ಪಂಪು ಎಳೆಯುವುದು ಪೈಪು ಮತ್ತು ಇಂಡೋರ್ ಯೂನಿಟ್ಟನ್ನು ಮಾತ್ರ. ದಪ್ಪ ಪೈಪಿನ ವಾಲ್ವಿನಲ್ಲಿರುವ ಸರ್ವಿಸ್ ಪೋರ್ಟಿಗೆ ಜೋಡಿಸಿ, ಗ್ಯಾಸ್ ಬ್ಯಾಲಸ್ಟ್ ತೆರೆದು ಪಂಪು ಚಾಲೂ ಮಾಡಿ, ಮೊದಲ ಕೆಲವು ನಿಮಿಷಗಳ ನಂತರ ಬ್ಯಾಲಸ್ಟ್ ಮುಚ್ಚಿ.

ಜನ ಎಡವುವುದು ಇಲ್ಲಿಂದ ಮುಂದೆ. ಮ್ಯಾನಿಫೋಲ್ಡಿನ ನೀಲಿ ಗೇಜು ಸುತ್ತಲಿನ ಗಾಳಿಯೊಂದಿಗೆ ಹೋಲಿಸಿ ಅಳೆಯುತ್ತದೆ, ಹಾಗಾಗಿ ಊರು ಬದಲಾದರೆ ಅದರ ಕೊನೆಯ ಅಂಕಿಯೂ ಬದಲಾಗುತ್ತದೆ. ಮಂಗಳೂರಿನಲ್ಲಿ ಮುಳ್ಳು ಪಾದರಸದ 30 ಇಂಚಿನ ಹತ್ತಿರಕ್ಕೆ ಇಳಿದರೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಪಂಪು ಎಷ್ಟೇ ಒಳ್ಳೆಯದಿದ್ದರೂ 27ರ ಆಸುಪಾಸಿಗೆ ನಿಲ್ಲುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಇಂಚು ಮೊದಲೇ. 'ಪಂಪು ಸರಿಯಿಲ್ಲ, 30 ಬರುತ್ತಿಲ್ಲ' ಎಂದು ಬೆಂಗಳೂರಿನಲ್ಲಿ ಪಂಪನ್ನು ವಾಪಸ್ ಕೊಡುವವರೂ, 25ಕ್ಕೆ ನಿಂತ ಮುಳ್ಳನ್ನು ನೋಡಿ ತೃಪ್ತರಾಗುವವರೂ ಒಂದೇ ಗೇಜನ್ನು ನಂಬಿ ಕೆಟ್ಟವರು. ಆ ಗೇಜಿನಲ್ಲಿ 5000 ಮೈಕ್ರಾನಿಗೂ 500 ಮೈಕ್ರಾನಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ಇಡೀ ಪ್ರಶ್ನೆ ಇರುವುದೋ ಆ ವ್ಯತ್ಯಾಸದಲ್ಲಿ.

ಒಂದು ಮೈಕ್ರಾನ್ ಎಂದರೆ ಪಾದರಸದ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಸಮುದ್ರಮಟ್ಟದ ಗಾಳಿಯ ಒತ್ತಡ 7,60,000 ಮೈಕ್ರಾನ್. ನೀರು 25 ಡಿಗ್ರಿಯಲ್ಲಿ ಕುದಿಯಲು ಒತ್ತಡ ಸುಮಾರು 23,800 ಮೈಕ್ರಾನಿಗೆ ಇಳಿಯಬೇಕು. ಗುರಿ 500ಕ್ಕಿಂತ ಕೆಳಗೆ. ಇದಕ್ಕೆ ಸಮಯ ಏಕೆ ಬೇಕೆಂಬುದನ್ನು ಲೆಕ್ಕವೇ ಹೇಳುತ್ತದೆ: ಪೈಪಿನಲ್ಲಿ ಉಳಿದ ಒಂದೇ ಗ್ರಾಂ ನೀರು 500 ಮೈಕ್ರಾನಿನಲ್ಲಿ ಆವಿಯಾದರೆ ಸುಮಾರು 2000 ಲೀಟರ್ ಜಾಗ ಹಿಡಿಯುತ್ತದೆ. ಮೂರು ಸಿಎಫ್‌ಎಂ ಪಂಪು ನಿಮಿಷಕ್ಕೆ 85 ಲೀಟರ್ ಎಳೆಯಬಲ್ಲದು, ಅದೂ ಹೋಸಿನ ಅಡ್ಡಿಯೇ ಇಲ್ಲದಿದ್ದರೆ. ಹೀಗಿರುವಾಗ 'ಹದಿನೈದು ನಿಮಿಷ ಓಡಿಸಿದರೆ ಸಾಕು' ಎಂಬ ಸೂತ್ರ ಒಣ ಪೈಪಿಗೆ ಹೊಂದೀತು, ಒದ್ದೆ ಪೈಪಿಗೆ ಹೊಂದದು. ಗಡಿಯಾರ ನೋಡಿ ಪಂಪು ನಿಲ್ಲಿಸಬೇಡಿ, ಮೈಕ್ರಾನ್ ನೋಡಿ ನಿಲ್ಲಿಸಿ.

ಅಂಕಿ 500ಕ್ಕಿಂತ ಸಾಕಷ್ಟು ಕೆಳಗೆ, ನನ್ನ ಪ್ರಕಾರ 300ರ ಹತ್ತಿರ, ಬಂದಾಗ ಮೊದಲು ಬಾಲ್ ವಾಲ್ವ್ ಮುಚ್ಚಿ, ಆಮೇಲೆ ಪಂಪು ಆರಿಸಿ. ಈ ಕ್ರಮ ತಪ್ಪಬಾರದು. ನಂತರ ಹತ್ತು ನಿಮಿಷ ಗೇಜನ್ನು ನೋಡುತ್ತಾ ಕೂರಿ. ಅಂಕಿ ಸ್ವಲ್ಪ ಏರುವುದು ಸಹಜ. 500ರ ಒಳಗೇ ನಿಂತರೆ ಪೈಪು ಒಣಗಿದೆ, ಸೋರಿಕೆ ಇಲ್ಲ. ಏರುತ್ತಾ ಹೋಗಿ ಸಾವಿರ, ಎರಡು ಸಾವಿರ ಅಥವಾ ಇನ್ನೂ ಮೇಲೆ ಎಲ್ಲೋ ಒಂದು ಕಡೆ ನಿಂತರೆ ಒಳಗೆ ತೇವ ಇನ್ನೂ ಇದೆ. ಎಲ್ಲಿಯೂ ನಿಲ್ಲದೆ ಒಂದೇ ಸಮನೆ ಏರಿದರೆ ಸೋರಿಕೆ ಇದೆ. ಮೊದಲು ನಿಮ್ಮ ಹೋಸಿನ ವಾಷರುಗಳನ್ನೂ ಗೇಜಿನ ಜೋಡಣೆಯನ್ನೂ ಅನುಮಾನಿಸಿ, ಆಮೇಲೆ ಫ್ಲೇರನ್ನು. ಸೋರಿಕೆ ಇರುವಾಗ ಪಂಪನ್ನು ಗಂಟೆಗಟ್ಟಲೆ ಓಡಿಸಿ ಗೆಲ್ಲಲು ಹೋಗುವವರನ್ನು ಕಂಡಿದ್ದೇನೆ. ಅವರು ಎಳೆಯುತ್ತಿರುವುದು ಹೊರಗಿನ ಗಾಳಿಯನ್ನು.

ತೇವವೇ ಕಾರಣವಾದರೆ ಪಂಪಿನ ಸಾಮರ್ಥ್ಯ ಹೆಚ್ಚಿಸುವುದು ಪರಿಹಾರವಲ್ಲ. ತುಂಬಾ ಒದ್ದೆಯಿದ್ದ ಪೈಪನ್ನು ವೇಗವಾಗಿ ಎಳೆದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಇನ್ನೂ ನಿಧಾನವಾಗಿ ಬಿಡುತ್ತದೆ. ನಿರ್ವಾತವನ್ನು ಒಣ ನೈಟ್ರೋಜನ್ನಿನಿಂದ ಮುರಿದು, ವಾತಾವರಣದ ಒತ್ತಡಕ್ಕಿಂತ ತುಸು ಮೇಲೆ ತಂದು, ಕೆಲವು ನಿಮಿಷ ಬಿಟ್ಟು, ಹೊರಬಿಟ್ಟು ಮತ್ತೆ ಎಳೆಯಿರಿ. ಹೀಗೆ ಎರಡು ಬಾರಿ ಮುರಿದು ಮೂರನೆಯ ಬಾರಿ ಎಳೆದರೆ ಹಟಮಾರಿ ತೇವವೂ ಸಾಮಾನ್ಯವಾಗಿ ಹೊರಡುತ್ತದೆ.

ಅಂಕಿ ನಿಂತ ಮೇಲೆ ಕೋರನ್ನು ಸಾಧನದ ಮೂಲಕವೇ ಮರಳಿ ಕೂರಿಸಿ, ಔಟ್‌ಡೋರ್ ವಾಲ್ವನ್ನು ಸ್ವಲ್ಪ ತೆರೆದು ಪೈಪಿಗೆ ಗ್ಯಾಸು ಬಿಟ್ಟು, ಸಾಧನವನ್ನು ಬಿಚ್ಚಿ, ಎರಡೂ ವಾಲ್ವುಗಳನ್ನು ಪೂರ್ತಿ ತೆರೆಯಿರಿ. ಅಲ್ಲಿಯವರೆಗೆ ಕಂಪ್ರೆಸರ್ ಚಾಲೂ ಆಗಬಾರದು.

ರಿಪೇರಿಗೆ ಬಂದ ಹಳೆಯ ಯಂತ್ರದಲ್ಲಿ ಎರಡು ವ್ಯತ್ಯಾಸಗಳಿವೆ. ಒಳಗೆ ಉಳಿದ ಗ್ಯಾಸನ್ನು ಮೊದಲು ರಿಕವರಿ ಯಂತ್ರದಿಂದ ಸಿಲಿಂಡರಿಗೆ ತೆಗೆದುಕೊಳ್ಳಬೇಕು. ವ್ಯಾಕ್ಯೂಮ್ ಪಂಪಿನಿಂದ ಆರ್-32 ಎಳೆದರೆ ಅದು ಪಂಪಿನ ಬಾಯಿಂದ ಕೋಣೆಗೇ ಬರುತ್ತದೆ. ಗಾಳಿಯಾಡುವ ಜಾಗ, ಆರ್-32ಕ್ಕೆ ಒಪ್ಪುವುದೆಂದು ತಯಾರಕರು ಹೇಳಿರುವ ಪಂಪು, ಎರಡೂ ಬೇಕು. ಇನ್ನೊಂದು, ಕಂಪ್ರೆಸರಿನ ತೈಲದಲ್ಲಿ ಕರಗಿದ ಗ್ಯಾಸು ನಿಧಾನವಾಗಿ ಹೊರಬರುವುದರಿಂದ ಅಂಕಿ ಹೆಚ್ಚು ಹೊತ್ತು ಏರುತ್ತಿರುತ್ತದೆ. ಅದನ್ನು ಸೋರಿಕೆಯೆಂದು ತಿಳಿದು ಫ್ಲೇರುಗಳನ್ನು ಬಿಚ್ಚಲು ಹೋಗಬೇಡಿ, ಇನ್ನೊಂದು ಸುತ್ತು ಎಳೆದು ನೋಡಿ.

ಪಂಪಿನ ತೈಲದ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಗಾಜಿನ ಕಿಂಡಿಯಲ್ಲಿ ತೈಲ ಹಾಲಿನಂತೆ ಬೆಳ್ಳಗೆ ಅಥವಾ ಕಪ್ಪಗೆ ಕಂಡರೆ ಅಂದೇ ಬದಲಿಸಿ. ಒದ್ದೆ ಪೈಪೊಂದರ ಕೆಲಸ ಮುಗಿದ ಮೇಲೆ ಬಣ್ಣ ಹೇಗೇ ಇರಲಿ ಬದಲಿಸಿ, ಪಂಪು ಬಿಸಿಯಿರುವಾಗಲೇ ಹಳೆಯದನ್ನು ಪೂರ್ತಿ ಇಳಿಸಿ. ಬೈಕಿನ ಎಂಜಿನ್ ಆಯಿಲ್ ಹಾಕಿದರೂ ಪಂಪು ತಿರುಗುತ್ತದೆ, ಆದರೆ ಆಳದ ನಿರ್ವಾತ ಕೊಡುವುದಿಲ್ಲ. ತಿಂಗಳಿಗೊಮ್ಮೆ ಮೈಕ್ರಾನ್ ಗೇಜನ್ನು ನೇರವಾಗಿ ಪಂಪಿನ ಬಾಯಿಗೆ ಹಚ್ಚಿ ಓಡಿಸಿ. ಕೆಲವು ನಿಮಿಷಗಳಲ್ಲಿ 100 ಮೈಕ್ರಾನಿನ ಕೆಳಗೆ ಹೋಗದಿದ್ದರೆ ತೈಲ ಬದಲಿಸಿ ಮತ್ತೆ ನೋಡಿ, ಆಗಲೂ ಹೋಗದಿದ್ದರೆ ಆ ಪಂಪನ್ನು ಸರ್ವಿಸಿಗೆ ಕೊಡಿ.