ನಮೀಬಿಯಾದಲ್ಲಿ ಕಾರು ಓಡಿಸುವುದು ಹೇಗೆ? ಮೊದಲು ಟೈರಿನ ಗಾಳಿ ಇಳಿಸಿ

ಕುನೋ ಕಾಡಿಗೆ 2022ರ ಸೆಪ್ಟೆಂಬರ್‌ನಲ್ಲಿ ಎಂಟು ಚೀತಾಗಳು ಬಂದಿಳಿದ ಮೇಲೆ ಆಫ್ರಿಕಾದ ನಮೀಬಿಯಾ ಹೆಸರು ನಮ್ಮಲ್ಲೂ ಕಿವಿಗೆ ಬಿತ್ತು. ಕರ್ನಾಟಕದಂಥ ನಾಲ್ಕು ರಾಜ್ಯ ಸೇರಿಸಿದರೂ ಸಾಲದಷ್ಟು ದೊಡ್ಡ ದೇಶ, ಜನ ಮಾತ್ರ ಸುಮಾರು 30 ಲಕ್ಷ. ರಾಜಧಾನಿ ವಿಂಡ್‌ಹುಕ್‌ನಿಂದ ಸಮುದ್ರದಂಡೆಯ ಸ್ವಾಕೊಪ್‌ಮುಂಡ್‌ಗೆ ಬಸ್ಸು, ವ್ಯಾನು ಸಿಗುತ್ತವೆ. ಕೆಂಪು ಮರಳುದಿಬ್ಬಗಳ ಸೋಸಸ್‌ವ್ಲೇಗೆ ಸಾರ್ವಜನಿಕ ಬಸ್ಸೇ ಇಲ್ಲ. ಟೂರ್ ಕಂಪನಿಯ ಗಾಡಿ ಹತ್ತಬೇಕು, ಇಲ್ಲವೇ ಬಾಡಿಗೆಗೆ ಕಾರು ಹಿಡಿದು ನೀವೇ ಓಡಿಸಬೇಕು. ಎರಡನೆಯದೇ ಚೆಂದ. ಅಲ್ಲಿಯೂ ನಮ್ಮಂತೆ ಎಡಬದಿಯ ಸಂಚಾರ, ಸ್ಟೀರಿಂಗ್ ಬಲಕ್ಕೆ. ನಮ್ಮವರು ಎಡವುವುದು ಜಲ್ಲಿ ರಸ್ತೆಯಲ್ಲಿ.

ಹೊರಡುವ ಮುನ್ನ

ಇಲ್ಲಿನ ಡಿಎಲ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ; ಒಂದು ವರ್ಷ ನಡೆಯುತ್ತದೆ. ಬಾಡಿಗೆ ಕಂಪನಿಗಳು ಇದನ್ನು ಕೇಳುವುದುಂಟು. ವೀಸಾ ನಿಯಮ ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಿ. ಮೇನಿಂದ ಅಕ್ಟೋಬರ್‌ವರೆಗಿನ ಒಣಹವೆ ಒಳ್ಳೆಯ ಕಾಲ. ಜೂನ್‌–ಜುಲೈ ರಾತ್ರಿಗಳಲ್ಲಿ ಮರುಭೂಮಿ ಕೊರೆಯುತ್ತದೆ, ಸ್ವೆಟರ್ ಬೇಕೇ ಬೇಕು.

ರಸ್ತೆಯ ಅಕ್ಷರ ನೋಡಿ ದಿನ ಲೆಕ್ಕ ಹಾಕಿ

ನಕ್ಷೆಯಲ್ಲಿ ಪ್ರತಿ ರಸ್ತೆಯ ಸಂಖ್ಯೆಗೂ ಮುಂದೊಂದು ಅಕ್ಷರ ಇರುತ್ತದೆ. ‘ಬಿ’ ಎಂದರೆ ಟಾರು, ಗಂಟೆಗೆ ಸರಾಸರಿ 100 ಕಿ.ಮೀ. ಸಿಗುತ್ತದೆ. ‘ಸಿ’ಗಳಲ್ಲಿ ಹೆಚ್ಚಿನವು ಜಲ್ಲಿ, 60ರಿಂದ 70. ‘ಡಿ’ ಆದರೆ 50 ಎಂದೇ ಇಟ್ಟುಕೊಳ್ಳಿ. ವಿಂಡ್‌ಹುಕ್‌ನಿಂದ ಸ್ವಾಕೊಪ್‌ಮುಂಡ್‌ಗೆ ಸುಮಾರು 360 ಕಿ.ಮೀ. ಟಾರು ರಸ್ತೆ, ನಾಲ್ಕು ಗಂಟೆಯಲ್ಲಿ ಮುಟ್ಟಬಹುದು. ಅಲ್ಲಿಂದ ಸೋಸಸ್‌ವ್ಲೇಯ ಹೆಬ್ಬಾಗಿಲಾದ ಸೆಸ್ರೀಮ್‌ಗೂ ಹೆಚ್ಚುಕಡಿಮೆ ಅಷ್ಟೇ ದೂರ, ಆದರೆ ಜಲ್ಲಿ ಹಾದಿ. ಫೋಟೊಗೆ ನಿಲ್ಲುವುದೂ ಸೇರಿದರೆ ಇಡೀ ಹಗಲು ಬೇಕು. ಮೊಬೈಲ್ ಆ್ಯಪ್ ತೋರಿಸುವ ಸಮಯವನ್ನು ನೆಚ್ಚಬೇಡಿ.

ಹೊತ್ತು ಮುಳುಗಿದ ಮೇಲೆ ಊರ ಹೊರಗೆ ಓಡಿಸಲೇಬಾರದು. ಕುಡು, ಓರಿಕ್ಸ್‌ನಂಥ ದೊಡ್ಡ ಪ್ರಾಣಿಗಳು ರಸ್ತೆಗೆ ಬರುತ್ತವೆ. ಕುಡು ದೀಪಕ್ಕೆ ಬೆದರಿ ಬಾನೆಟ್ ಮೇಲೆಯೇ ಜಿಗಿಯುವುದುಂಟು. ರಾತ್ರಿ ಅಪಘಾತಕ್ಕೆ ಬಾಡಿಗೆ ಒಪ್ಪಂದದ ವಿಮೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಜೂನ್‌ನಲ್ಲಿ ಸಂಜೆ ಆರೂಕಾಲಿನ ಹೊತ್ತಿಗೇ ಸೂರ್ಯಾಸ್ತ, ಆದ್ದರಿಂದ ನಾಲ್ಕೂವರೆಗೆಲ್ಲ ತಂಗುವ ಜಾಗ ತಲುಪುವಂತೆ ಹೊರಡಿ.

ಗಾಡಿ ಕೈಗೆ ತೆಗೆದುಕೊಳ್ಳುವಾಗ

ಎಟೋಶಾ ಅಭಯಾರಣ್ಯದೊಳಗಿನ ರಸ್ತೆಗಳಿಗೆ ಸಾಮಾನ್ಯ ಕಾರು ಸಾಕು. ಮರಳಿಗೆ ಇಳಿಯುವುದಿದ್ದರೆ ಮಾತ್ರ ಫೋರ್ ವೀಲ್ ಡ್ರೈವ್ ಬೇಕು. ಯಾವುದನ್ನೇ ಹಿಡಿದರೂ ಎರಡು ಸ್ಟೆಪ್ನಿ ಕೇಳಿ ಪಡೆಯಿರಿ. ಜಲ್ಲಿಯ ಚೂಪು ಕಲ್ಲು ಟೈರಿನ ಪಕ್ಕೆ ಸೀಳಿದರೆ ಪಂಕ್ಚರ್ ತೇಪೆ ನಿಲ್ಲುವುದಿಲ್ಲ, ಆ ಟೈರಿನ ಕಥೆ ಮುಗಿದಂತೆ.

ಪಿಕಪ್ ಗಾಡಿಯಲ್ಲಿ ಒಂದು ಸ್ಟೆಪ್ನಿ ಹಿಂಬದಿ ಅಡಿಯಲ್ಲಿ ಸರಪಳಿಗೆ ಜೋತುಬಿದ್ದಿರುತ್ತದೆ. ಬಂಪರಿನ ತೂತಿನೊಳಗೆ ಉದ್ದ ಸರಳು ತೂರಿಸಿ ತಿರುಗಿಸಿದರೆ ಅದು ಕೆಳಗಿಳಿಯುತ್ತದೆ. ಆ ಸರಳು ಇದೆಯೇ, ಸರಪಳಿ ತುಕ್ಕು ಹಿಡಿದಿದೆಯೇ ಎಂದು ಕಂಪನಿಯ ಅಂಗಳದಲ್ಲೇ ಒಮ್ಮೆ ಇಳಿಸಿ ಏರಿಸಿ ನೋಡಿ. ಜಾಕ್, ವೀಲ್ ಸ್ಪ್ಯಾನರ್, ಗಾಳಿ ತುಂಬುವ ಕಂಪ್ರೆಸರ್, ಪ್ರೆಷರ್ ಗೇಜ್, ಸಲಿಕೆ ಎಲ್ಲ ಎಣಿಸಿಕೊಳ್ಳಿ. ಜೊತೆಗೆ ಒಂದಡಿ ಚೌಕದ ದಪ್ಪ ಹಲಗೆ ಇರಲಿ. ಮರಳಿನ ಮೇಲಿಟ್ಟ ಜಾಕ್ ಗಾಡಿ ಎತ್ತುವ ಬದಲು ತಾನೇ ಹೂತುಹೋಗುತ್ತದೆ. ಚಕ್ರ ಬದಲಿಸಿ 50 ಕಿ.ಮೀ. ಹೋದಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು.

ವಿಮೆಯಲ್ಲಿ ಟೈರು, ಮುಂದಿನ ಗಾಜು, ಗಾಡಿಯ ತಳಭಾಗ, ತಾನಾಗಿ ಮಗುಚಿದರೆ ಆಗುವ ನಷ್ಟ ಸೇರಿವೆಯೇ ಎಂದು ಓದಿ. ‘ಪೂರ್ತಿ ವಿಮೆ’ ಎಂದ ಮಾತ್ರಕ್ಕೆ ಇವೆಲ್ಲ ಒಳಗಿರುತ್ತವೆ ಎಂದಲ್ಲ.

ಗಾಳಿ ಎಷ್ಟಿರಬೇಕು?

ಟಾರಿನಲ್ಲಿ ಬಾಗಿಲಿನ ಸ್ಟಿಕ್ಕರ್ ಹೇಳಿದಷ್ಟು, ಸಾಮಾನ್ಯವಾಗಿ 32 ಪಿಎಸ್‌ಐ ಆಸುಪಾಸು. ಜಲ್ಲಿಗೆ ಇಳಿದಾಗ 26. ಆಳ ಮರಳಿಗೆ 16ರಿಂದ 18. ಬಾಡಿಗೆ ಕಂಪನಿ ಬೇರೆ ಅಂಕಿ ಕೊಟ್ಟರೆ ಅದನ್ನೇ ಪಾಲಿಸಿ. ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ಓಡಿದ ಟೈರಿನ ಲೆಕ್ಕ ಹೆಚ್ಚು ತೋರಿಸುತ್ತದೆ.

ಜಲ್ಲಿ ರಸ್ತೆ ಬಟ್ಟೆ ಒಗೆಯುವ ಹಲಗೆಯಂತೆ ಅಡ್ಡಡ್ಡ ಗೆರೆ ಬಿದ್ದಿರುತ್ತದೆ. ಗಟ್ಟಿ ಟೈರು ಆ ಗೆರೆಗಳ ಮೇಲೆ ಪುಟಿಯುತ್ತದೆ, ಪುಟಿದಷ್ಟು ಹೊತ್ತು ನೆಲದ ಹಿಡಿತ ಇರುವುದಿಲ್ಲ. ಗಾಳಿ ಇಳಿಸಿದ ಟೈರು ಕಲ್ಲನ್ನು ಒಳಗೊಂಡು ಉರುಳುತ್ತದೆ. ಹಾಗೆಂದು ಟಾರಿಗೆ ಮರಳಿದಾಗ ತುಂಬಿಸಿಕೊಳ್ಳಲು ಮರೆತು 120ರಲ್ಲಿ ಓಡಿಸಿದಿರೋ, ಟೈರು ಕಾದು ಸಿಡಿಯಬಹುದು.

ಜಲ್ಲಿಯಲ್ಲಿ ಕಾನೂನು 100 ಎಂದರೂ 80 ದಾಟಬೇಡಿ. ಗಾಡಿ ಅಂಚಿನ ಸಡಿಲ ಜಲ್ಲಿಗೆ ಜಾರಿದಾಗ ಗಾಬರಿಯಿಂದ ಬ್ರೇಕ್ ಒತ್ತಿ ಸ್ಟೀರಿಂಗ್ ಎಳೆದರೆ ಮಗುಚುವುದು ಖಂಡಿತ ಎಂದೇ ತಿಳಿಯಿರಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಮೆಲ್ಲಗೆ ನೇರ ಮಾಡಿಕೊಳ್ಳಿ. ಎದುರು ಗಾಡಿ ಬಂದರೆ ವೇಗ ತಗ್ಗಿಸಿ ಎಡಕ್ಕೆ ಸರಿಯಿರಿ, ಗಾಜು ಒಡೆಯುವುದು ಅದು ಚಿಮ್ಮಿಸುವ ಕಲ್ಲಿನಿಂದ. ಹೆಂಟೀಸ್ ಬೇ ಊರಿನಾಚೆ ಉತ್ತರದ ಕರಾವಳಿಯಲ್ಲಿ ಉಪ್ಪುನೀರು ಹಾಕಿ ಗಟ್ಟಿ ಮಾಡಿದ ರಸ್ತೆ ಸಿಗುತ್ತದೆ. ನೋಡಲು ಟಾರಿನಂತಿದ್ದರೂ ಮುಂಜಾನೆಯ ಮಂಜಿಗೆ ನೆಂದಾಗ ಸೋಪು ಹಚ್ಚಿದಂತೆ ಜಾರುತ್ತದೆ.

ಡೀಸೆಲ್, ನೀರು, ಮೊಬೈಲ್

ಟ್ಯಾಂಕ್ ಅರ್ಧವಾದಾಗ ಬಂಕ್ ಕಂಡರೆ ತುಂಬಿಸಿ. ಸ್ವಾಕೊಪ್‌ಮುಂಡ್‌ನ ದಕ್ಷಿಣಕ್ಕಿರುವ ವಾಲ್ವಿಸ್ ಬೇ ಊರು ದಾಟಿದ ಮೇಲೆ ಸೆಸ್ರೀಮ್‌ನತ್ತ ಹೋಗುವ ಮರುಭೂಮಿ ದಾರಿಯಲ್ಲಿ ಮುಂದಿನ ಬಂಕ್ ಸಾಲಿಟೇರ್‌ನಲ್ಲಿ, 230 ಕಿ.ಮೀ. ಆಚೆ. ಬಂಕಿನಲ್ಲಿ ಹುಡುಗರೇ ಹಾಕಿಕೊಡುತ್ತಾರೆ, ಗಾಜೂ ಒರೆಸುತ್ತಾರೆ. ಟಿಪ್ಸ್ ಕೊಡುವುದು ರೂಢಿ. ಕುಡಿಯುವ ನೀರು ತಲೆಗೆ ದಿನಕ್ಕೆ ಐದು ಲೀಟರ್, ಅದರ ಮೇಲೆ ಹತ್ತು ಲೀಟರ್ ಕ್ಯಾನ್ ಒಂದು. ಸಿಗ್ನಲ್ ಊರು ಬಿಟ್ಟೊಡನೆ ಹೋಗುತ್ತದೆ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿ. ಗಾಡಿ ಕೆಟ್ಟರೆ ಅದನ್ನು ಬಿಟ್ಟು ನಡೆದು ಹೊರಡಬೇಡಿ. ನೆರಳು, ನೀರು ಇರುವುದು ಅಲ್ಲೇ, ಹುಡುಕುವವರ ಕಣ್ಣಿಗೆ ಬೀಳುವುದೂ ಗಾಡಿಯೇ.

ಸೋಸಸ್‌ವ್ಲೇಯ ಕೊನೆಯ ಐದು ಕಿ.ಮೀ.

ಸೆಸ್ರೀಮ್ ಗೇಟಿನಿಂದ 60 ಕಿ.ಮೀ. ಟಾರು. ಹೊರಗೇಟು ಸೂರ್ಯೋದಯಕ್ಕೆ ತೆರೆಯುತ್ತದೆ. ರಾಷ್ಟ್ರೀಯ ಉದ್ಯಾನದೊಳಗೆ ತಂಗಿದವರಿಗೆ ಒಂದು ಗಂಟೆ ಮೊದಲೇ ದಾರಿ ಬಿಡುತ್ತಾರೆ. ದಿಬ್ಬದ ಒಂದು ಮಗ್ಗುಲು ಕೆಂಪಗೆ ಉರಿಯುತ್ತ, ಇನ್ನೊಂದು ಕಪ್ಪಗಿರುವ ಹೊತ್ತು ಅದೇ, ದುಡ್ಡು ಹೆಚ್ಚಾದರೂ ಒಳಗೆ ತಂಗುವುದು ಲಾಭ. ಟಾರು ಮುಗಿದಲ್ಲಿ ಪಾರ್ಕಿಂಗ್, ಮುಂದೆ ಐದು ಕಿ.ಮೀ. ಮರಳು. ಮರಳಿನ ಅಭ್ಯಾಸವಿಲ್ಲದವರು ಕಾರು ಅಲ್ಲೇ ಬಿಟ್ಟು ಶಟಲ್ ಜೀಪ್ ಹತ್ತಲಿ, ಅದರಲ್ಲಿ ಅವಮಾನವೇನಿಲ್ಲ.

ನೀವೇ ಹೋಗುವುದಾದರೆ ಗಾಳಿ ಇಳಿಸಿ, ಫೋರ್ ವೀಲ್ ಲೋ ರೇಂಜ್ (ವೇಗ ಕಡಿಮೆ, ಎಳೆತ ಹೆಚ್ಚು) ಹಾಕಿ, ಎರಡನೇ ಗೇರಿನಲ್ಲಿ ಒಂದೇ ವೇಗ ಕಾಯ್ದುಕೊಳ್ಳಿ. ನಿಲ್ಲಿಸಬೇಕೆಂದರೆ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ. ಒತ್ತಿದರೆ ಚಕ್ರದ ಮುಂದೆ ಮರಳು ಗುಡ್ಡೆಯಾಗುತ್ತದೆ. ಹೂತರೆ ಆಕ್ಸಿಲರೇಟರ್ ತುಳಿಯಬೇಡಿ, ಒಂದೊಂದು ಸುತ್ತೂ ಗುಂಡಿ ತೋಡುತ್ತದೆ. ಇಳಿದು ನಾಲ್ಕೂ ಚಕ್ರದ ಹಿಂದಿನ ಮರಳು ತೆಗೆದು, ಬಂದ ಜಾಡಿನಲ್ಲೇ ರಿವರ್ಸ್ ಬನ್ನಿ.

ಜನವರಿಯಿಂದ ಮಾರ್ಚ್‌ವರೆಗೆ ಹೋದವರಿಗೆ ಇನ್ನೊಂದು ಎಚ್ಚರಿಕೆ: ಒಣಹೊಳೆಯಲ್ಲಿ ಟೆಂಟ್ ಹಾಕಬೇಡಿ. ಎಲ್ಲೋ ದೂರದ ಬೆಟ್ಟದಲ್ಲಿ ಬಿದ್ದ ಮಳೆ ಇಲ್ಲಿ ಬಿಸಿಲಿರುವಾಗಲೇ ನುಗ್ಗಿ ಬರುತ್ತದೆ. ರಸ್ತೆಗೆ ಅಡ್ಡಲಾಗಿ ನೀರು ಹರಿಯುತ್ತಿದ್ದರೆ ದಡದಲ್ಲಿ ಕಾಯಿರಿ, ಹಲವು ಸಲ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ.

ದುಡ್ಡಿನ ವಿಚಾರ: ನಮೀಬಿಯಾ ಡಾಲರ್ ಮತ್ತು ದಕ್ಷಿಣ ಆಫ್ರಿಕಾದ ರ‍್ಯಾಂಡ್‌ನ ಬೆಲೆ ಒಂದಕ್ಕೊಂದು ಸಮ, ರ‍್ಯಾಂಡ್ ನಮೀಬಿಯಾದಲ್ಲೂ ಚಲಾವಣೆಯಾಗುತ್ತದೆ. ಆದರೆ ದಕ್ಷಿಣ ಆಫ್ರಿಕಾದಲ್ಲಿ ನಮೀಬಿಯಾದ ನೋಟು ನಡೆಯದು. ಜೊಹಾನ್ಸ್‌ಬರ್ಗ್ ಮೂಲಕ ವಾಪಸಾಗುವವರು ಉಳಿದ ನೋಟನ್ನು ಕೊನೆಯ ಬಂಕಿನಲ್ಲೇ ಡೀಸೆಲ್‌ಗೆ ಕೊಟ್ಟುಬಿಡಿ.