ಅಂತರಿಕ್ಷ ನೌಕೆಯಲ್ಲಿ ಉಪ್ಪಿನ ಡಬ್ಬಿ ಹುಡುಕುವ ಬಗೆ

ಇಪ್ಪತ್ತೆರಡು ವರ್ಷ ಹವ್ಯಾಸಿ ನಾಟಕ ತಂಡವೊಂದಕ್ಕೆ ರಂಗಪರಿಕರ ಮಾಡಿಕೊಟ್ಟವನು ನಾನು. ರಟ್ಟಿಗೆ ಬೇಗಡೆ ಅಂಟಿಸಿದರೆ ಕಿರೀಟ, ಪ್ಲಾಸ್ಟಿಕ್ ಬಿಂದಿಗೆಗೆ ಬಣ್ಣ ಹೊಡೆದರೆ ಭೀಮನ ಗದೆ. ಈ ಕೆಲಸ ಮಾಡಿದವರ ಕಣ್ಣು ಕೆಟ್ಟುಹೋಗಿರುತ್ತದೆ. ನಟನ ಮುಖ ಬಿಟ್ಟು ಅವನ ಕೈಯಲ್ಲಿರುವುದನ್ನೇ ನೋಡುತ್ತದೆ. ಅಂತರಿಕ್ಷ ನೌಕೆಯೊಂದರ ಕಥೆ ಹೇಳುವ ಅಮೆರಿಕದ ಹಳೆಯ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನಲ್ಲಿ ನೌಕೆಯ ವೈದ್ಯ ಡಾಕ್ಟರ್ ಮೆಕಾಯ್ ರೋಗಿಯ ಮೈಮೇಲೆ ಆಡಿಸುವ ಪುಟ್ಟ ಸಾಧನವನ್ನು ಕಂಡು, “ಅದು ಅಡುಗೆಮನೆಯ ಸಾಮಾನು” ಎಂದು ಹೆಂಡತಿಗೆ ಹೇಳಿದ್ದೆ. ಅವಳು ನಕ್ಕಳು. ಆದರೆ ಅದು ನಿಜಕ್ಕೂ ಉಪ್ಪಿನ ಡಬ್ಬಿ! 1966ರ ಸೆಪ್ಟೆಂಬರ್ 8ರಂದು ಪ್ರಸಾರವಾದ ‘ದಿ ಮ್ಯಾನ್ ಟ್ರ್ಯಾಪ್’ ಕಂತಿನಲ್ಲಿ ಉಪ್ಪಿಗಾಗಿ ಮನುಷ್ಯರನ್ನು ಕೊಲ್ಲುವ ಜೀವಿಯೊಂದಿದೆ. ಅದರ ಚಿತ್ರೀಕರಣಕ್ಕೆಂದು ತಂದ ಉಪ್ಪಿನ ಡಬ್ಬಿಗಳು ತೀರಾ ವಿಚಿತ್ರವಾಗಿದ್ದವು. ನೋಡುಗರಿಗೆ ಉಪ್ಪಿನ ಡಬ್ಬಿ ಎಂದು ಹೊಳೆಯಲಾರದು ಎನಿಸಿತು. ದೃಶ್ಯಕ್ಕೆ ಸಾದಾ ಡಬ್ಬಿ ಬಂತು, ವಿಚಿತ್ರವಾದವು ವೈದ್ಯರ ಪಾಲಾದವು.

ಇಂಥ ಗುಟ್ಟುಗಳನ್ನು ನೀವೂ ಹಿಡಿಯಬಹುದು. ಮೊದಲು ಕಂತನ್ನು ಒಮ್ಮೆ ಸುಮ್ಮನೆ, ಕಥೆಗಾಗಿ ನೋಡಿ ಮುಗಿಸಿ. ಮೊದಲ ನೋಟದಲ್ಲೇ ಬೇಟೆಗೆ ಇಳಿದವರಿಗೆ ಕಥೆಯೂ ಸಿಗುವುದಿಲ್ಲ, ಗುಟ್ಟೂ ಸಿಗುವುದಿಲ್ಲ.

ಆಮೇಲೆ ಯಾವ ಪ್ರತಿ ನೋಡುತ್ತಿದ್ದೀರಿ ಎಂದು ವಿಚಾರಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಹಳೆಯ ಸರಣಿಯನ್ನು 2006ರಿಂದ ಪರಿಷ್ಕರಿಸುವಾಗ ನೌಕೆಯ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಮಾಡಿ ಸೇರಿಸಿದರು. ಅದನ್ನು ನೋಡಿದರೆ ಮೂಲದ ಕೈಚಳಕ ಕಾಣುವುದೇ ಇಲ್ಲ. ಬ್ಲೂ-ರೇ ಡಿಸ್ಕಿನಲ್ಲಿ ಎರಡೂ ಇವೆ, ಹಳೆಯದನ್ನೇ ಆರಿಸಿ. ಅದರಲ್ಲಿ ಎಂಟರ್‌ಪ್ರೈಸ್ ನೌಕೆ ಹೆಚ್ಚಾಗಿ ತನ್ನ ಬಲಮಗ್ಗುಲನ್ನೇ ತೋರಿಸುತ್ತಾ ಹೋಗುವುದನ್ನು ಗಮನಿಸಿ. ಹನ್ನೊಂದು ಅಡಿಯ ಆ ಮಾದರಿಗೆ ದೀಪದ ವೈರುಗಳೆಲ್ಲ ಎಡಗಡೆಯಿಂದ ಬರುತ್ತಿದ್ದವು, ಆ ಪಕ್ಕವನ್ನು ಪೂರ್ತಿಗೊಳಿಸಿರಲಿಲ್ಲ. ಮಾದರಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಅಂತರಿಕ್ಷ ಸಂಗ್ರಹಾಲಯದಲ್ಲಿದೆ.

ಎರಡನೆಯ ಸಲ ಧ್ವನಿ ಪೂರ್ತಿ ಇಳಿಸಿ, ಅಂಚುಗಳನ್ನು ನೋಡಿ. ಪ್ರತಿ ವಿಚಿತ್ರಕ್ಕೂ ಒಂದೇ ಪ್ರಶ್ನೆ ಹಾಕಿ: ಯಾವ ಖರ್ಚು ಉಳಿಸಲು ಹೀಗೆ ಮಾಡಿದರು? ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಗುಟ್ಟು ಇಲ್ಲೇ ಬಿಚ್ಚಿಕೊಳ್ಳುತ್ತದೆ. ಜನ ಮಾಯವಾಗಿ ಇನ್ನೊಂದು ಕಡೆ ಮೂಡುವ ಆ ಪ್ರಸಿದ್ಧ ಯಂತ್ರ ಹುಟ್ಟಿದ್ದು ವಾರವಾರ ನೌಕೆಯನ್ನು ಗ್ರಹದ ಮೇಲೆ ಇಳಿಸಿ ತೋರಿಸುವಷ್ಟು ಹಣವಿಲ್ಲದ್ದರಿಂದ. ಅದರ ಮಿನುಗು? ಕಪ್ಪು ಹಿನ್ನೆಲೆಯ ಮುಂದೆ ಅಲ್ಯೂಮಿನಿಯಂ ಪುಡಿ ಉದುರಿಸಿ, ಬೆಳಕು ಚೆಲ್ಲಿ, ಕ್ಯಾಮೆರಾವನ್ನು ತಲೆಕೆಳಗಾಗಿಸಿ ನಿಧಾನಗತಿಯಲ್ಲಿ ಸೆರೆಹಿಡಿದದ್ದು. ಇದನ್ನು ಓದಿದ ದಿನ ನನ್ನ ಬೇಗಡೆ ಡಬ್ಬಿಯ ಮೇಲೆ ಗೌರವ ಹುಟ್ಟಿತು. ತಾವಾಗಿ ತೆರೆದುಕೊಳ್ಳುವ ಬಾಗಿಲುಗಳ ಹಿಂದೆ ಹಗ್ಗ ಎಳೆಯುವ ಆಳುಗಳಿದ್ದರು. ನಮ್ಮಲ್ಲಿ ಪರದೆ ಎಳೆಯುವವನಿಗೆ ನಿದ್ದೆ ಹತ್ತಿ ದ್ರೌಪದಿ ಐದು ನಿಮಿಷ ಕಾದದ್ದುಂಟು.

ಮೂರನೆಯ ಸಲ ರಿಮೋಟ್ ಕೈಯಲ್ಲಿರಲಿ. ಅಕ್ಷರ ಕಂಡಲ್ಲೆಲ್ಲ ನಿಲ್ಲಿಸಿ. ಅಂದಿನ ಟಿವಿಯಲ್ಲಿ ಯಾರೂ ಓದಲಾರರು ಎಂಬ ಧೈರ್ಯದಿಂದ ಕೆಲಸಗಾರರು ಏನೇನೋ ಬರೆದಿಟ್ಟಿದ್ದಾರೆ. ಎಂಟರ್‌ಪ್ರೈಸಿನ ಕೊಳವೆಗಳ ಮೇಲೆ ‘ಜಿಎನ್‌ಡಿಎನ್’ ಎಂದಿರುತ್ತದೆ. ಬಿಡಿಸಿದರೆ ‘ಎಲ್ಲಿಗೂ ಹೋಗುವುದಿಲ್ಲ, ಏನನ್ನೂ ಮಾಡುವುದಿಲ್ಲ’ ಎಂದರ್ಥ. ‘ಸ್ಟಾರ್ ಟ್ರೆಕ್’ನ ಮುಂದುವರಿಕೆಯಾಗಿ 1987ರಲ್ಲಿ ಶುರುವಾದ ‘ನೆಕ್ಸ್ಟ್ ಜನರೇಷನ್’ ಸರಣಿಯಲ್ಲಿ ಎಂಜಿನ್ ಕೋಣೆಯ ಗೋಡೆಯ ಮೇಲಿರುವ ನೌಕೆಯ ಅಡ್ಡಕೊಯ್ತದ ನಕ್ಷೆಯನ್ನು ಹಿಗ್ಗಿಸಿ ನೋಡಿ: ಒಳಗೊಂದು ಬಾತುಕೋಳಿ ಕುಳಿತಿದೆ. ಸರಣಿಯ ಫಲಕ, ನಕ್ಷೆಗಳನ್ನು ಬಿಡಿಸುತ್ತಿದ್ದ ಮೈಕಲ್ ಒಕುಡಾ ಅವರ ತಂಡದ ಕಿತಾಪತಿ ಅದು.

ಸಂಖ್ಯೆಗಳ ವಿಷಯದಲ್ಲಿ ಮಾತ್ರ ಸಂಯಮ ಬೇಕು. ಲೇಖಕ ಜೋ ಮೆನೊಸ್ಕಿ ಓದಿದ ಕ್ಯಾಲಿಫೋರ್ನಿಯಾದ ಪೊಮೊನಾ ಕಾಲೇಜಿನಲ್ಲಿ 47 ಎಲ್ಲೆಲ್ಲೂ ಕಾಣಿಸಿಕೊಳ್ಳುತ್ತದೆ ಎಂಬ ಹಳೆಯ ತಮಾಷೆಯೊಂದಿತ್ತು. ಅದನ್ನು ಅವರು ಈ ಸರಣಿಗೂ ತಂದರು. ಗೊತ್ತಾದ ಮೇಲೆ ನಾನು ಬಸ್ ಟಿಕೆಟ್ಟಿನಲ್ಲೂ 47 ಹುಡುಕತೊಡಗಿದೆ. ಪಾತ್ರ ಬಾಯಿಬಿಟ್ಟು ಹೇಳಿದರೆ, ಇಲ್ಲವೇ ಪರದೆಯ ಮೇಲೆ ಸ್ಪಷ್ಟವಾಗಿ ಕಂಡರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಸರುಗಳನ್ನು ಬೇರೆ ಪುಟದಲ್ಲಿ ಬರೆದಿಡಿ, ಇಂಗ್ಲಿಷ್ ಕಾಗುಣಿತದಲ್ಲೇ. 1967ರ ಖಳನಾಯಕ ಖಾನ್ ನೂನಿಯನ್ ಸಿಂಗ್, ಎರಡು ದಶಕಗಳ ನಂತರ ಬಂದ ವಿಜ್ಞಾನಿ ನೂನಿಯನ್ ಸೂಂಗ್: ಇಬ್ಬರಿಗೂ ಅದೇಕೆ ‘ನೂನಿಯನ್’? ಸರಣಿಯ ಜನಕ ಜೀನ್ ರಾಡೆನ್‌ಬೆರಿಗೆ ಯುದ್ಧಕಾಲದಲ್ಲಿ ಪರಿಚಯವಾಗಿ ಆಮೇಲೆ ಸಂಪರ್ಕ ತಪ್ಪಿದ ಗೆಳೆಯನೊಬ್ಬನ ಹೆಸರದು. ಎಲ್ಲಾದರೂ ಕೇಳಿಸಿಕೊಂಡು ಅವನು ಪತ್ರ ಬರೆದಾನು ಎಂಬ ಆಸೆ. ನನಗೆ ಗೊತ್ತಿರುವ ಗುಟ್ಟುಗಳಲ್ಲಿ ಎದೆಗೆ ತಾಗಿದ್ದು ಇದೊಂದೇ. ಬ್ರಿಟನ್ನಿನ ಕಾಲಪಯಣದ ಟಿವಿ ಸರಣಿ ‘ಡಾಕ್ಟರ್ ಹೂ’ವಿನಲ್ಲಿ ಬರುವ ಗುಪ್ತ ಸಂಸ್ಥೆಯ ‘ಟಾರ್ಚ್‌ವುಡ್’ ಎಂಬ ಹೆಸರಿನ ಗುಟ್ಟು ಕನ್ನಡ ಲಿಪಿಯಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಇಂಗ್ಲಿಷಿನ ಒಂಬತ್ತು ಅಕ್ಷರಗಳನ್ನು ಕಲಸಿ ಜೋಡಿಸಿದರೆ ‘ಡಾಕ್ಟರ್ ಹೂ’ ಎಂದೇ ಆಗುತ್ತದೆ. ಹೊಸ ಕಂತುಗಳ ಟೇಪುಗಳು ಯಾರ ಕೈಗೂ ಸಿಗದಿರಲೆಂದು ಅವುಗಳ ಮೇಲೆ ಬರೆಯುತ್ತಿದ್ದ ಸುಳ್ಳು ಹೆಸರು ಅದು.

ಕೊನೆಗೆ ಕಣ್ಣು ಮುಚ್ಚಿ ಕೇಳಿ. ‘ಡಾಕ್ಟರ್ ಹೂ’ವಿನ ಕಾಲದಲ್ಲಿ ಪಯಣಿಸುವ ನೀಲಿ ಪೆಟ್ಟಿಗೆ ಹೊರಡುವಾಗಿನ ಏದುಸಿರು, ಧ್ವನಿ ತಜ್ಞ ಬ್ರಯನ್ ಹಾಡ್ಜ್‌ಸನ್ ಹಳೆಯ ಪಿಯಾನೋದ ತಂತಿಗಳ ಮೇಲೆ ಮನೆಯ ಬೀಗದಕೈ ಎಳೆದು ಹುಟ್ಟಿಸಿದ ಸದ್ದು.

ಸಿಕ್ಕಿದ್ದನ್ನು ಊರಿಗೆಲ್ಲ ಹೇಳುವ ಮೊದಲು ಒಂದು ರಾತ್ರಿ ತಡೆದುಕೊಳ್ಳಿ. ತಯಾರಕರೇ ಹೇಳಿದ್ದೆಂದು ಎಲ್ಲವನ್ನೂ ನಂಬಬೇಡಿ. ‘ಡಾಕ್ಟರ್ ಹೂ’ವಿನ ಖಳ ಜೀವಿಗಳ ‘ಡಾಲೆಕ್’ ಎಂಬ ಹೆಸರು ವಿಶ್ವಕೋಶದ ಸಂಪುಟವೊಂದರ ಬೆನ್ನಿನ ಮೇಲಿದ್ದ ಅಕ್ಷರಗಳಿಂದ ಬಂತು ಎಂದು ಅವುಗಳನ್ನು ಸೃಷ್ಟಿಸಿದ ಲೇಖಕ ಟೆರಿ ನೇಷನ್ ಪತ್ರಕರ್ತರಿಗೆ ಹೇಳುತ್ತಿದ್ದರು. ಅದು ಕಟ್ಟುಕಥೆ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ನನ್ನದೂ ಒಂದು ಒಪ್ಪಿಗೆಯಿದೆ. ಕೌರವನ ಸಭಾಮಂಟಪದ ಎಡಗಂಬದ ಬುಡದಲ್ಲಿ ಆ ತಿಂಗಳ ಹಾಲಿನ ಲೆಕ್ಕವನ್ನು ಹಳಗನ್ನಡ ಶಾಸನದ ಲಿಪಿಯಂತೆ ಕೆತ್ತಿದ್ದೆ. ಆರು ಪ್ರದರ್ಶನವಾದರೂ ಯಾರೂ ಓದಲಿಲ್ಲ.