ಹಿಂದಿನ ಚಕ್ರದ ಕಡೆಯಿಂದ ಕಟಕಟ: ಶಾಕ್ಸ್ ಬದಲಿಸುವ ಮುನ್ನ ನೋಡಬೇಕಾದ್ದು

ಕಾರಿನ ಹಿಂಬದಿಯಿಂದ ಕುಟ್ಟುವ ಸದ್ದು ಬಂತೆಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, 'ಶಾಕ್ಸ್ ಹೋಗಿದೆ ಸಾರ್, ಎರಡೂ ಹಾಕ್ಬೇಕು.' ಹೋಗಿರಲೂಬಹುದು. ಆದರೆ ಹೊಸ ಜೋಡಿ ಹಾಕಿಸಿದ ಮೇಲೂ ಅದೇ ಕಟಕಟ ಉಳಿಯುವುದುಂಟು. ಶಾಕ್ ಅಬ್ಸಾರ್ಬರ್ ಸೋತರೆ ಕಾರು ಓಲಾಡುತ್ತದೆ, ಹಂಪ್ ದಾಟಿದ ಮೇಲೆ ಎರಡು ಮೂರು ಸಲ ಎಗರುತ್ತದೆ. ಕುಟ್ಟುವ ಸದ್ದು ಬರಲು ಮಾತ್ರ ಎಲ್ಲೋ ಎರಡು ಗಟ್ಟಿ ವಸ್ತುಗಳ ನಡುವೆ ಸಂದು ಬಿದ್ದಿರಬೇಕು. ಹುಡುಕಬೇಕಾದ್ದು ಆ ಸಂದನ್ನು.

ಮೊದಲ ಕೆಲಸ ಡಿಕ್ಕಿ ಖಾಲಿ ಮಾಡುವುದು. ಸ್ಟೆಪ್ನಿ, ಜಾಕ್, ಪಾನಾ, ತ್ರಿಕೋನದ ಎಚ್ಚರಿಕೆ ಫಲಕ, ಪಾರ್ಸೆಲ್ ಟ್ರೇ ಎಲ್ಲವನ್ನೂ ತೆಗೆದು ಮನೆಯಲ್ಲಿಡಿ. ಹಿಂದಿನ ಸೀಟಿನ ಬೆನ್ನನ್ನು ಮಡಚಿ ಮಲಗಿಸಿ, ಏಕೆಂದರೆ ಅದರ ಚಿಲಕ ಸವೆದರೂ ಸಸ್ಪೆನ್ಷನ್ನಿನಂಥದೇ ಟಕ್ ಟಕ್ ಬರುತ್ತದೆ. ಡಿಕ್ಕಿ ಬಾಗಿಲು ಕಚ್ಚಿಕೊಳ್ಳುವ ಕೊಂಡಿಗೆ ಇನ್ಸುಲೇಷನ್ ಟೇಪ್ ಎರಡು ಸುತ್ತು ಸುತ್ತಿ. ಸದ್ದು ಹೋದರೆ ಬಾಗಿಲಿನ ರಬ್ಬರ್ ಸ್ಟಾಪರ್‌ಗಳನ್ನು ಒಂದೊಂದು ಸುತ್ತು ಹೊರಕ್ಕೆ ತಿರುಗಿಸಿದರೆ ಸಾಕು. ಸಿಎನ್‌ಜಿ ಕಾರಾದರೆ ಸಿಲಿಂಡರಿನ ಪಟ್ಟಿ, ಬ್ರಾಕೆಟ್ ಸಡಿಲವಾಗಿದೆಯೇ ಎಂದು ಕೈಯಾಡಿಸಿ ನೋಡಬಹುದು. ಬಿಗಿ ಮಾಡುವ ಕೆಲಸ ಅಧಿಕೃತ ಫಿಟರ್‌ನದು. ಅರ್ಧ ತುಂಬಿದ ಪೆಟ್ರೋಲ್ ಟ್ಯಾಂಕಿನಲ್ಲಿ ಇಂಧನ ತುಳುಕಿ ಬ್ರೇಕ್ ಹಾಕಿದಾಗ 'ಧಪ್' ಅನ್ನುವುದೂ ಇದೆ. ಟ್ಯಾಂಕ್ ತುಂಬಿಸಿ ಓಡಿಸಿದಾಗ ಅದು ಅಡಗಿದರೆ ಕಾರಿನ ಕೆಳಗೆ ನುಗ್ಗುವ ಅಗತ್ಯವೇ ಇಲ್ಲ.

ಡಿಕ್ಕಿ ಖಾಲಿಯಾದ ಮೇಲೂ ಸದ್ದಿದ್ದರೆ ಅದು ಯಾವ ಗಳಿಗೆಯಲ್ಲಿ ಬರುತ್ತದೆ ಎಂದು ಗುರುತಿಸಿಕೊಳ್ಳಿ. ಅರ್ಧ ರೋಗ ಇಲ್ಲೇ ಸಿಕ್ಕಿಬಿಡುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಂಥ ಕಲ್ಲುಹಾಸಿನ ರಸ್ತೆಯಲ್ಲಿ, ಬೆಳಗಿನ ಜಾವ ಜನವಿಲ್ಲದಾಗ, ಕಿಟಕಿ ಇಳಿಸಿ 10–15 ಕಿ.ಮೀ. ವೇಗದಲ್ಲಿ ಹೋಗಿ. ಸಣ್ಣ ಕುಲುಕಿಗೆಲ್ಲ ಕಟಕಟ ಅಂದರೆ ಶಾಕ್‌ನ ಮೇಲಿನ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಬಳೆ) ಅಥವಾ ಕೆಳಗಿನ ಬೋಲ್ಟ್ ಮೇಲೆ ಮೊದಲ ಅನುಮಾನ. ಸ್ಟೆಬಿಲೈಸರ್ ಲಿಂಕ್ (ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ) ಇರುವ ಗಾಡಿಯಾದರೆ ಅದರ ಮೇಲೂ. ಆಮೇಲೆ ಒಂದು ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1988ರ ಮಾನದಂಡದ ದುಂಡು ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ.ನಲ್ಲಿ ದಾಟಲೆಂದು ಮಾಡಿದ್ದು. ಬಡಾವಣೆಗಳ ಒಳರಸ್ತೆಯ ಮೋಟು ದಿಬ್ಬಗಳಿಗೂ ಆ ಲೆಕ್ಕಕ್ಕೂ ಸಂಬಂಧವಿಲ್ಲ, ಅಲ್ಲಿ ಇನ್ನೂ ನಿಧಾನವಾಗಿ ಹೋಗಿ. ಹಿಂದಿನ ಚಕ್ರ ಹಂಪ್ ಏರಿ ಕಾರು ಕುಗ್ಗುವಾಗ ದಪ್ಪನೆಯ 'ಧಡ್' ಬಂದರೆ ಬಂಪ್ ಸ್ಟಾಪ್ (ಚಕ್ರ ತೀರಾ ಮೇಲೇರಿ ಬಡಿಯದಂತೆ ತಡೆಯುವ ರಬ್ಬರ್) ಪುಡಿಯಾಗಿದೆ ಅಥವಾ ಸ್ಪ್ರಿಂಗ್ ಕುಸಿದಿದೆ. ಚಕ್ರ ಕೆಳಗಿಳಿಯುವಾಗ ಬಂದರೆ ಶಾಕ್ ತನ್ನ ಪೂರ್ತಿ ಉದ್ದಕ್ಕೆ ಎಳೆದು ಬಡಿಯುತ್ತಿದೆ. ಬ್ರೇಕ್ ಒತ್ತಿದಾಗ ಅಥವಾ ರಿವರ್ಸ್‌ನಿಂದ ಫಸ್ಟ್ ಗೇರಿಗೆ ಬಂದು ಹೊರಟಾಗ ಒಂದೇ ಒಂದು 'ಟಕ್' ಅಂದರೆ ಆಕ್ಸಲ್ ಬುಷ್ (ಹಿಂದಿನ ಅಡ್ಡತೊಲೆಯನ್ನು ಕಾರಿನ ಮೈಗೆ ಸೇರಿಸುವ ರಬ್ಬರ್) ನೋಡಿ. ಕಟಕಟ ಎನ್ನುತ್ತಿರುವಾಗ ಬ್ರೇಕ್ ಪೆಡಲನ್ನು ಹಗುರವಾಗಿ ತುಳಿದರೆ ಸದ್ದು ನಿಂತುಬಿಡುತ್ತದೆಯೇ? ಹಾಗಾದರೆ ಅದು ಡ್ರಮ್‌ನೊಳಗಿನ ಬ್ರೇಕ್ ಶೂ ಅಲುಗಾಟ, ಸಸ್ಪೆನ್ಷನ್ ಅಲ್ಲ. ಎಡವೋ ಬಲವೋ ತಿಳಿಯದಿದ್ದರೆ ಮೊಬೈಲಿನಲ್ಲಿ ರೆಕಾರ್ಡಿಂಗ್ ಹಾಕಿ, ಡಿಕ್ಕಿಯೊಳಗೆ ಒಮ್ಮೆ ಎಡಚಕ್ರದ ಮೇಲೆ, ಒಮ್ಮೆ ಬಲಚಕ್ರದ ಮೇಲೆ ಅಂಟಿಸಿ ಅದೇ ರಸ್ತೆಯಲ್ಲಿ ಎರಡು ಸಲ ಓಡಿಸಿ. ಡಿಕ್ಕಿಯಲ್ಲಿ ಮನುಷ್ಯರನ್ನು ಕೂರಿಸಿ ಕೇಳಿಸುವ ಪದ್ಧತಿ ಬೇಡ.

ಈಗ ಕಾರಿನ ಅಡಿ. ಇಲ್ಲಿನ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದಿನ ಎರಡೂ ಚಕ್ರಗಳನ್ನು ಟಾರ್ಷನ್ ಬೀಮ್ ಎಂಬ ಒಂದೇ ಅಡ್ಡತೊಲೆ ಹೊತ್ತಿರುತ್ತದೆ. ಅದರ ಮುಂದಿನ ಎರಡು ತುದಿಗೆ ದಪ್ಪ ಆಕ್ಸಲ್ ಬುಷ್, ಮೇಲೆ ಎರಡು ಸ್ಪ್ರಿಂಗ್, ಎರಡು ಶಾಕ್. ಅಷ್ಟೇ ಸಂಸಾರ. ಸಮತಟ್ಟಾದ ಕಾಂಕ್ರೀಟ್ ನೆಲದಲ್ಲಿ ಕಾರು ನಿಲ್ಲಿಸಿ, ಫಸ್ಟ್ ಗೇರ್ ಹಾಕಿ, ಮುಂದಿನ ಚಕ್ರಗಳು ಉರುಳದಂತೆ ಎರಡೂ ಕಡೆ ಅಡ್ಡ ತಡೆ ಕೊಡಿ. ಹ್ಯಾಂಡ್ ಬ್ರೇಕನ್ನು ನಂಬಬೇಡಿ: ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು, ನೀವು ಎತ್ತುತ್ತಿರುವುದೂ ಅವನ್ನೇ. ಜಾಕ್‌ನಿಂದ ಎತ್ತಿ, ಕಂಪನಿ ಗುರುತಿಸಿದ ಜಾಗದಲ್ಲಿ ಆಕ್ಸಲ್ ಸ್ಟ್ಯಾಂಡ್ (ಕಾರಿನ ಭಾರ ಹೊರುವ ಕಬ್ಬಿಣದ ಕಾಲು) ಕೊಟ್ಟ ಮೇಲೆಯೇ ಒಳಗೆ ಕೈ ಹಾಕಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಮಲಗುವುದು ಪ್ರಾಣದ ಜೊತೆ ಆಟ. ಸ್ಟ್ಯಾಂಡ್ ಇಲ್ಲದವರು ಈ ಹಂತವನ್ನು ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಲಿ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಲಟಲಟ ಅಂದರೆ ವೀಲ್ ಬೇರಿಂಗ್ ಹೋಗಿದೆ, ಅಂಥ ಕಾರನ್ನು ಓಡಿಸಬೇಡಿ. ಬೇರಿಂಗ್ ಗಟ್ಟಿಯಿದ್ದರೆ ಬುಷ್‌ಗಳಿಗೆ ಬನ್ನಿ. ಇಲ್ಲೊಂದು ಮೋಸವಿದೆ. ಚಕ್ರ ನೇತಾಡುತ್ತಿರುವಾಗ ಶಾಕ್ ಪೂರ್ತಿ ಎಳೆದು ಬಿಗಿದುಕೊಂಡಿರುತ್ತದೆ, ಸವೆದ ಬುಷ್ ಕೂಡ ಗಟ್ಟಿಯಾಗಿರುವಂತೆ ನಟಿಸುತ್ತದೆ. ಅದಕ್ಕೇ ಸ್ಪ್ರಿಂಗ್ ಕೂರುವ ತಟ್ಟೆಯ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಕಾರು ನೆಲದ ಮೇಲಿದ್ದಾಗ ಚಕ್ರ ಎಷ್ಟು ಒಳಗಿರುತ್ತದೋ ಹೆಚ್ಚುಕಡಿಮೆ ಅಷ್ಟಕ್ಕೆ ಎತ್ತಿ, ಶಾಕನ್ನು ಮುಷ್ಟಿಯಲ್ಲಿ ಹಿಡಿದು ಹಿಂದೆ ಮುಂದೆ ತಳ್ಳಿ. ಸಂದಿದ್ದರೆ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಆಕ್ಸಲ್ ಬುಷ್‌ಗೆ ಸಣ್ಣ ಹಾರೆಯಿಂದ ಹಗುರವಾಗಿ ಮೀಟಿ ನೋಡಿ: ರಬ್ಬರಿನ ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕು ಸಹಜ, ಆದರೆ ರಬ್ಬರ್ ಲೋಹದ ಕೊಳವೆಯಿಂದ ಬಿಟ್ಟುಕೊಂಡು ಬಾಯಿ ತೆರೆದರೆ ಬದಲಿಸಲೇಬೇಕು. ಸ್ಪ್ರಿಂಗಿನ ತುಕ್ಕು ಹಿಡಿದ ಕೊನೆಯ ಸುತ್ತು ಮುರಿದು, ತುಂಡು ತಟ್ಟೆಯಲ್ಲೇ ಕೂತಿರುವುದುಂಟು. ಬಟ್ಟೆಯಿಂದ ಮಣ್ಣು ಒರೆಸದೆ ಅದು ಕಾಣುವುದಿಲ್ಲ. ಶಾಕ್ ಮೈಮೇಲೆ ತೆಳುವಾದ ಎಣ್ಣೆಯ ಪಸೆ ಇದ್ದರೆ ಚಿಂತೆಯಿಲ್ಲ. ಧಾರೆಯಾಗಿ ಇಳಿದು ಮಣ್ಣು ಮೆತ್ತಿಕೊಂಡಿದ್ದರೆ ಅದರ ಆಯಸ್ಸು ಮುಗಿದಿದೆ. ಜೊತೆಗೆ ಸೈಲೆನ್ಸರ್ ತೂಗುಹಾಕಿದ ರಬ್ಬರ್‌ಗಳನ್ನೂ ಅಲ್ಲಾಡಿಸಿ. ಒಂದು ಹರಿದರೂ ಕೊಳವೆ ತೊಲೆಗೆ ಬಡಿಯುತ್ತದೆ. ಅಗ್ಗದ ಬಿಡಿಭಾಗ, ಸದ್ದು ಮಾತ್ರ ದೊಡ್ಡದು.

ಹಿಂಬದಿಯಲ್ಲಿ ಕಮಾನುಪಟ್ಟೆ (ಲೀಫ್ ಸ್ಪ್ರಿಂಗ್) ಇರುವ ಗಾಡಿಗಳಲ್ಲಿ, ಟಾಟಾ ಏಸ್, ಬೊಲೆರೊ ಥರದವುಗಳಲ್ಲಿ, ಪಟ್ಟೆಯ ತುದಿಯ ಶ್ಯಾಕಲ್ ಪಿನ್ ಬುಷ್, ಪಟ್ಟೆಯನ್ನು ಆಕ್ಸಲಿಗೆ ಕಟ್ಟಿದ ಯು-ಬೋಲ್ಟ್, ಪಟ್ಟೆಗಳ ನಡುವಿನ ಸೆಂಟರ್ ಬೋಲ್ಟ್ ಈ ಮೂರನ್ನು ನೋಡಿದರೆ ಬಹುಮಟ್ಟಿಗೆ ಉತ್ತರ ಸಿಗುತ್ತದೆ.

ಜೋಡಿಸುವಾಗ ಆಗುವ ತಪ್ಪುಗಳು ಹೊಸ ಸದ್ದು ತರುತ್ತವೆ. ಶಾಕ್, ಸ್ಪ್ರಿಂಗ್, ಆಕ್ಸಲ್ ಬುಷ್ ಯಾವುದೇ ಆದರೂ ಎರಡೂ ಬದಿಗೆ ಒಟ್ಟಿಗೆ ಹಾಕಿಸಿ. ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಕೊಳ್ಳಲು ಹೋಗುವವರು ಹಳೆಯದನ್ನು ಕೈಯಲ್ಲೇ ಒಯ್ಯುವುದು ಮೇಲು, ಒಂದೇ ಮಾದರಿಯ ಕಾರಿಗೂ ವರ್ಷದ ಮೇಲೆ ಅಳತೆ ಬದಲಾಗಬಹುದು. ಶಾಕ್ ತುದಿಯ ಬಟ್ಟಲು ವಾಷರ್ ಮಗುಚಿ ಕೂತರೆ ಅಥವಾ ಒಳಗಿನ ಸ್ಪೇಸರ್ ಕೊಳವೆ ಬಿಟ್ಟುಹೋದರೆ ನಟ್ಟು ಬಿಗಿಯಾಗಿದ್ದರೂ ರಬ್ಬರ್ ಸರಿಯಾಗಿ ಅದುಮಿಕೊಂಡಿರುವುದಿಲ್ಲ. ನಟ್ಟು ತಿರುಗಿಸುವಾಗ ಶಾಕಿನ ರಾಡನ್ನು ಇಕ್ಕಳದಲ್ಲಿ ಹಿಡಿಯಬಾರದು. ಗೀರು ಬಿದ್ದ ರಾಡ್ ಸೀಲನ್ನು ಕತ್ತರಿಸಿ ಎಣ್ಣೆ ಸೋರಿಸುತ್ತದೆ. ಒಮ್ಮೆ ಬಿಚ್ಚಿದ ನೈಲಾನ್ ಬಳೆಯ ನಟ್ಟಿನ ಬದಲು ಹೊಸದು ಹಾಕಿ. ಆಕ್ಸಲ್ ಬುಷ್‌ನ ಬೋಲ್ಟನ್ನು, ಬುಷ್ ಮಾದರಿಯ ಶಾಕ್‌ನ ಕೆಳಬೋಲ್ಟನ್ನು ಮೊದಲು ಕೈಬಿಗಿ ಮಾಡಿ, ಕಾರನ್ನು ಚಕ್ರದ ಮೇಲೆ ಇಳಿಸಿದ ನಂತರವೇ ಮ್ಯಾನ್ಯುಯಲ್ ಹೇಳಿದ ಬಿಗಿತದ ಅಳತೆಗೆ, ಅಂದರೆ ಟಾರ್ಕ್‌ಗೆ ಬಿಗಿಯಬೇಕು. ನೇತಾಡುವಾಗಲೇ ಬಿಗಿದರೆ ಕಾರು ಇಳಿದೊಡನೆ ರಬ್ಬರ್ ತಿರುಚಿಕೊಂಡು ನಿಲ್ಲುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಇನ್ನೊಂದು: ಹೊಸ ಶಾಕ್ ಅಂಗಡಿಯಲ್ಲಿ ಅಡ್ಡ ಮಲಗಿದ್ದರೆ ಒಳಗೆ ಗಾಳಿ ಸೇರಿಕೊಂಡಿರುತ್ತದೆ. ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ. ಇಲ್ಲದಿದ್ದರೆ ಮೊದಲ ಕೆಲವು ಹಂಪ್‌ಗಳಲ್ಲಿ ಹೊಸ ಶಾಕೇ ಕುಟ್ಟುತ್ತದೆ, ಮೆಕ್ಯಾನಿಕ್‌ಗೆ ಬೈಗುಳ ಬೀಳುತ್ತದೆ.